ನೌಶೇರಾದ ಸಿಂಹ: ಹುತಾತ್ಮರ ದಿನದಂದು ನೆನಪಾಗಬೇಕಾದ ಒಂದು ಹೆಸರು



ಪ್ರತಿ ವರ್ಷ ಡಿಸೆಂಬರ್ 7 ಸಮೀಪಿಸಿದಾಗ ಶಾಲೆಗಳಿಗೆ ಪುಟ್ಟ ಧ್ವಜದ ಚೀಟಿಗಳು ಬರುತ್ತವೆ. ಕೆಂಪು, ಕಡುನೀಲಿ, ತಿಳಿನೀಲಿ ಎಂಬ ಮೂರು ಬಣ್ಣಗಳ ಆ ಚೀಟಿಯನ್ನು ಮಕ್ಕಳು ಜೇಬಿನ ಮೇಲೆ ಅಂಟಿಸಿಕೊಳ್ಳುತ್ತಾರೆ, ಮನೆಯಿಂದ ತಂದ ಹಣವನ್ನು ಡಬ್ಬಿಗೆ ಹಾಕುತ್ತಾರೆ. ಕೆಂಪು ಭೂಸೇನೆಯದು, ಕಡುನೀಲಿ ನೌಕಾಪಡೆಯದು, ತಿಳಿನೀಲಿ ವಾಯುಪಡೆಯದು. 1949ರಿಂದ ಆಚರಣೆಯಲ್ಲಿರುವ ಈ ಸಶಸ್ತ್ರ ಪಡೆಗಳ ಧ್ವಜ ದಿನದಂದು ಕೂಡಿಬರುವ ಹಣ ಯುದ್ಧದಲ್ಲಿ ಮಡಿದವರ ಕುಟುಂಬಗಳಿಗೆ, ಅಂಗವಿಕಲರಾದ ಯೋಧರಿಗೆ, ಮಾಜಿ ಸೈನಿಕರ ಕಲ್ಯಾಣಕ್ಕೆ ಸಲ್ಲುತ್ತದೆ. ಇದಲ್ಲದೆ ಜನವರಿ 30ರ ಹುತಾತ್ಮರ ದಿನವಿದೆ, ಜುಲೈ 26ರ ಕಾರ್ಗಿಲ್ ವಿಜಯ ದಿನವಿದೆ, ಡಿಸೆಂಬರ್ 16ರ ವಿಜಯ ದಿವಸವಿದೆ. ಪ್ರಾರ್ಥನಾ ಸಭೆಯಲ್ಲಿ ಎರಡು ನಿಮಿಷ ಮೌನವಾಗಿ ನಿಲ್ಲುತ್ತೇವೆ, ಗಂಟೆ ಬಾರಿಸಿದ ಮೇಲೆ ತರಗತಿಗೆ ಹೋಗುತ್ತೇವೆ.

ಆ ಎರಡು ನಿಮಿಷಗಳಲ್ಲಿ ಮಕ್ಕಳ ಕಣ್ಣ ಮುಂದೆ ಯಾರ ಮುಖ ಬರುತ್ತದೆ? ಬಹುಪಾಲು ಮಕ್ಕಳಿಗೆ ಯಾವ ಮುಖವೂ ಬರುವುದಿಲ್ಲ. "ಹುತಾತ್ಮ ಯೋಧರು" ಎಂಬುದು ಅವರಿಗೆ ಹೆಸರಿಲ್ಲದ ಒಂದು ಗುಂಪು. ಹೆಸರು ಗೊತ್ತಿಲ್ಲದವರನ್ನು ನೆನೆಯುವುದು ಹೇಗೆ? ಆದ್ದರಿಂದ ಈ ಸಂಚಿಕೆಯಲ್ಲಿ ನಿಮಗೆ ಒಬ್ಬರನ್ನು ಪರಿಚಯಿಸಬಯಸುತ್ತೇನೆ. ನಿಮ್ಮಲ್ಲಿ ಹಿರಿಯರಿಗೆ ಈ ಹೆಸರು ಹೊಸದಲ್ಲ. ಆದರೆ ಹೆಸರು ಕೇಳಿರುವುದು ಬೇರೆ, ಮನುಷ್ಯನನ್ನು ಅರಿಯುವುದು ಬೇರೆ. ಅವರೇ ಬ್ರಿಗೇಡಿಯರ್ ಮುಹಮ್ಮದ್ ಉಸ್ಮಾನ್.

ಮೊದಲು ಪದದ ಬಗ್ಗೆ ಒಂದು ಮಾತು. ಎರಡು ಭಾಷೆ ಕಲಿಸುವವರಿಗೆ ಪದಗಳ ಹಿಂದೆ ಹೋಗುವ ಚಾಳಿ ಇರುತ್ತದೆ, ಓದುಗರು ಸಹಿಸಿಕೊಳ್ಳಬೇಕು. ಉರ್ದುವಿನ "ಶಹೀದ್" ಅರಬ್ಬಿಯಿಂದ ಬಂದದ್ದು. ಅದರ ಮೂಲದಲ್ಲಿ ಸಾಕ್ಷಿ ಎಂಬ ಅರ್ಥವಿದೆ. "ಶಹಾದತ್" ಎಂದರೆ ಸಾಕ್ಷ್ಯವೂ ಹೌದು, ಪ್ರಾಣಾರ್ಪಣೆಯೂ ಹೌದು. ಕನ್ನಡದ "ಹುತಾತ್ಮ" ಸಂಸ್ಕೃತದಿಂದ ಬಂದದ್ದು, ಯಜ್ಞದಲ್ಲಿ ಆಹುತಿ ಕೊಟ್ಟ ಹಾಗೆ ತನ್ನನ್ನೇ ಅರ್ಪಿಸಿಕೊಂಡವನು ಎಂಬುದು ಅದರ ಭಾವ. ಎರಡು ಬೇರೆ ಬೇರೆ ಲೋಕಗಳಿಂದ ಹೊರಟ ಪದಗಳು ನಮ್ಮ ಊರಿನ ಸಭೆಗಳಲ್ಲಿ ಒಬ್ಬನೇ ಯೋಧನ ಹೆಸರಿನ ಹಿಂದೆ ಬಂದು ನಿಲ್ಲುತ್ತವೆ. ಕುತೂಹಲದ ಸಂಗತಿ ಎಂದರೆ ನಮ್ಮ ಸೈನ್ಯ ಅಧಿಕೃತವಾಗಿ ಈ ಪದಗಳನ್ನು ಬಳಸುವುದಿಲ್ಲ. ಕರ್ತವ್ಯದಲ್ಲಿ ಪ್ರಾಣ ಕೊಟ್ಟವರು, ಯುದ್ಧದಲ್ಲಿ ಮಡಿದವರು ಎಂದೇ ಹೇಳುತ್ತದೆ.

ಮುಹಮ್ಮದ್ ಉಸ್ಮಾನರು ಹುಟ್ಟಿದ್ದು 1912ರ ಜುಲೈ 15ರಂದು, ಉತ್ತರ ಪ್ರದೇಶದ ಅಂದಿನ ಆಜಂಗಢ ಜಿಲ್ಲೆಯ ಬೀಬೀಪುರದಲ್ಲಿ. ತಂದೆ ಮುಹಮ್ಮದ್ ಫಾರೂಕ್ ಪೊಲೀಸ್ ಅಧಿಕಾರಿ, ಬನಾರಸಿನ ಕೊತ್ವಾಲರಾಗಿದ್ದವರು. ಹುಡುಗನ ಶಿಕ್ಷಣ ಬನಾರಸಿನಲ್ಲೇ ನಡೆಯಿತು. ಹನ್ನೆರಡರ ವಯಸ್ಸಿನಲ್ಲಿ ಬಾವಿಗೆ ಬಿದ್ದ ಒಂದು ಮಗುವನ್ನು ತಾನೇ ಬಾವಿಗೆ ಧುಮುಕಿ ಎತ್ತಿದ ಪ್ರಸಂಗವನ್ನು ಅವರ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ಇನ್ನೊಂದು ಸಂಗತಿಯನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಉಸ್ಮಾನರಿಗೆ ಮಾತು ತೊದಲುತ್ತಿತ್ತು. ತೊದಲು ಇರುವ ಮಗುವನ್ನು ಓದಲು ಎಬ್ಬಿಸದೆ ಹಿಂದಿನ ಬೆಂಚಿನಲ್ಲೇ ಬಿಟ್ಟುಬಿಡುವ ಶಾಲೆಗಳು ಇಂದಿಗೂ ಇವೆ. ಈ ಹುಡುಗ ಮಾತ್ರ ಸೈನ್ಯದ ಅಧಿಕಾರಿಯಾಗಬೇಕೆಂದು ನಿಶ್ಚಯಿಸಿದ.

ಆಗ ಭಾರತೀಯರು ಸೈನ್ಯದಲ್ಲಿ ಅಧಿಕಾರಿಯಾಗುವುದು ಸುಲಭವಿರಲಿಲ್ಲ. ಡೆಹ್ರಾಡೂನಿನ ಅಕಾಡೆಮಿ ಆರಂಭವಾದದ್ದೇ 1932ರಲ್ಲಿ. ಅದಕ್ಕೆ ಮೊದಲು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ಗೆ ಹೋಗಬೇಕಿತ್ತು, ಅಲ್ಲಿ ಭಾರತೀಯರಿಗೆ ಬೆರಳೆಣಿಕೆಯ ಸ್ಥಾನಗಳು. ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದ ಭಾರತೀಯರ ಕೊನೆಯ ತಂಡದಲ್ಲಿ ಉಸ್ಮಾನರಿದ್ದರು. 1934ರಲ್ಲಿ ಅಧಿಕಾರಿಯಾಗಿ, ಒಂದು ವರ್ಷ ಬ್ರಿಟಿಷ್ ಪಡೆಯೊಂದರಲ್ಲಿ ಕೆಲಸ ಮಾಡಿ, 1935ರಲ್ಲಿ 10ನೇ ಬಲೂಚ್ ರೆಜಿಮೆಂಟ್ ಸೇರಿದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಂಗದಲ್ಲಿ ಹೋರಾಡಿದರು.

ನಂತರ 1947 ಬಂತು. ದೇಶದೊಡನೆ ಸೈನ್ಯವೂ ಇಬ್ಭಾಗವಾಯಿತು. ಬಂದೂಕು, ಲಾರಿ, ಬ್ಯಾಂಡಿನ ವಾದ್ಯಗಳು, ಮೆಸ್ಸಿನ ಬೆಳ್ಳಿ ಪಾತ್ರೆಗಳವರೆಗೆ ಎಲ್ಲವೂ ಪಾಲಾದವು. ಉಸ್ಮಾನರ ಬಲೂಚ್ ರೆಜಿಮೆಂಟ್ ಪಾಕಿಸ್ತಾನದ ಪಾಲಿಗೆ ಹೋಯಿತು. ಹನ್ನೆರಡು ವರ್ಷ ತಮ್ಮದೆಂದುಕೊಂಡಿದ್ದ ರೆಜಿಮೆಂಟು, ಜೊತೆಗೆ ಊಟ ಮಾಡಿದ ಸಂಗಾತಿಗಳು, ಎಲ್ಲರೂ ಆ ಕಡೆ. ಅಂದಿನ ಸೈನ್ಯದಲ್ಲಿ ಅವರಷ್ಟು ಹಿರಿತನವಿದ್ದ ಮುಸ್ಲಿಂ ಅಧಿಕಾರಿಗಳು ಕೆಲವರೇ. ಜಿನ್ನಾ ಮತ್ತು ಲಿಯಾಖತ್ ಅಲಿ ಖಾನರೇ ಅವರನ್ನು ಕರೆಸಿಕೊಳ್ಳಲು ಪ್ರಯತ್ನಿಸಿದರು, ಬೇಗನೆ ಬಡ್ತಿಯ ಭರವಸೆ ಕೊಟ್ಟರು ಎಂದು ಅವರ ಜೀವನಚರಿತ್ರೆ ಬರೆದವರು ದಾಖಲಿಸಿದ್ದಾರೆ. ಉಸ್ಮಾನರು ಹೋಗಲಿಲ್ಲ. ಅವರನ್ನು ಡೋಗ್ರಾ ರೆಜಿಮೆಂಟಿಗೆ ವರ್ಗಾಯಿಸಲಾಯಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಇಂದು ಕುಳಿತು ಓದುವಾಗ ಇದು ಸರಳ ನಿರ್ಧಾರದಂತೆ ಕಾಣುತ್ತದೆ. ಆದರೆ 1947ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಪಂಜಾಬು ಹೊತ್ತಿ ಉರಿಯುತ್ತಿತ್ತು, ದೆಹಲಿಯಲ್ಲೇ ಮುಸ್ಲಿಮರು ಪುರಾನಾ ಕಿಲಾದ ಶಿಬಿರದಲ್ಲಿ ಆಶ್ರಯ ಪಡೆದಿದ್ದರು. ಅಂತಹ ದಿನಗಳಲ್ಲಿ ಮೂವತ್ತೈದು ವರ್ಷದ ಒಬ್ಬ ಅಧಿಕಾರಿ, ಕಣ್ಣೆದುರಿನ ಲಾಭವನ್ನು ಬಿಟ್ಟು ಹುಟ್ಟಿದ ನೆಲದಲ್ಲಿ ಉಳಿದರು. ನಮ್ಮ ಸಭೆಗಳಲ್ಲಿ ದೇಶಪ್ರೇಮ ಈಮಾನಿನ ಭಾಗ ಎಂಬ ಮಾತನ್ನು ಹದೀಸ್ ಎಂದು ಹೇಳುವುದುಂಟು. ಹದೀಸ್ ವಿದ್ವಾಂಸರು ಅದನ್ನು ಪ್ರವಾದಿ(ಸ)ರ ವಚನವೆಂದು ಒಪ್ಪುವುದಿಲ್ಲ, ಹಾಗಾಗಿ ವೇದಿಕೆಯಿಂದ ಹಾಗೆ ಹೇಳದಿರುವುದೇ ಒಳ್ಳೆಯದು. ಹುಟ್ಟೂರಾದ ಮಕ್ಕಾವನ್ನು ಬಿಟ್ಟು ಹೋಗುವಾಗ ಪ್ರವಾದಿ(ಸ)ರು ಆ ಊರಿನ ಮೇಲಿನ ತಮ್ಮ ಪ್ರೀತಿಯನ್ನು ಬಾಯಿಬಿಟ್ಟು ಹೇಳಿದ್ದು ತಿರ್ಮಿದಿಯಲ್ಲಿ ವರದಿಯಾಗಿದೆ. ನಮಗೆ ಅಷ್ಟು ಸಾಕಲ್ಲವೇ?

1947ರ ಅಕ್ಟೋಬರ್ 22ರಂದು ಬುಡಕಟ್ಟು ದಾಳಿಕೋರರು ಕಾಶ್ಮೀರವನ್ನು ನುಗ್ಗಿದರು. 26ರಂದು ಮಹಾರಾಜ ಹರಿಸಿಂಗರು ವಿಲೀನ ಪತ್ರಕ್ಕೆ ಸಹಿ ಹಾಕಿದರು, 27ರ ಬೆಳಿಗ್ಗೆ ಭಾರತದ ಸೈನಿಕರು ವಿಮಾನದಲ್ಲಿ ಶ್ರೀನಗರಕ್ಕೆ ಇಳಿದರು. ದಾಳಿಕೋರರು ಬಂದದ್ದು ಇಸ್ಲಾಮಿನ ಹೆಸರು ಹೇಳಿಕೊಂಡೇ. ಆದರೆ ಬಾರಾಮುಲ್ಲಾದಲ್ಲಿ ಅವರ ಲೂಟಿಗೆ ಜಾತಿ ಮತದ ಭೇದವಿರಲಿಲ್ಲ. ಅವರನ್ನು ದಾರಿ ತಪ್ಪಿಸಿ ಶ್ರೀನಗರಕ್ಕೆ ಬರುವುದನ್ನು ತಡಮಾಡಿದ ಬಾರಾಮುಲ್ಲಾದ ಯುವಕ ಮಕ್ಬೂಲ್ ಶೇರ್ವಾನಿಯನ್ನು ನವೆಂಬರಿನಲ್ಲಿ ಕ್ರೂರವಾಗಿ ಕೊಂದರು. ಶೇರ್ವಾನಿ ಸೈನಿಕನಲ್ಲ, ಸಾಮಾನ್ಯ ನಾಗರಿಕ. ಅವನ ಕಥೆಗೇ ಒಂದು ಪ್ರತ್ಯೇಕ ಲೇಖನ ಬೇಕು.

ಯುದ್ಧ ಶ್ರೀನಗರದ ಸುತ್ತ ಮಾತ್ರ ಇರಲಿಲ್ಲ. ದಕ್ಷಿಣಕ್ಕೆ, ಜಮ್ಮು ಪ್ರಾಂತ್ಯದ ಗುಡ್ಡಗಳ ನಡುವೆ ನೌಶೇರಾ ಎಂಬ ಪಟ್ಟಣವಿದೆ. ಅದರ ಪಶ್ಚಿಮಕ್ಕೆ, ಮೀರ್‌ಪುರ ಮತ್ತು ಕೋಟ್ಲಿಯಿಂದ ಬರುವ ರಸ್ತೆಗಳು ಸೇರುವ ಕಡೆ ಝಂಗರ್ ಇದೆ. ಆ ಕೂಡುರಸ್ತೆ ಯಾರ ಕೈಯಲ್ಲಿದೆಯೋ ನೌಶೇರಾದ ಕುತ್ತಿಗೆ ಅವರ ಕೈಯಲ್ಲಿ. 1947ರ ಡಿಸೆಂಬರ್ 25ರಂದು ಝಂಗರ್ ಶತ್ರುಗಳ ವಶವಾಯಿತು. ಸರಿಸುಮಾರು ಅದೇ ಹೊತ್ತಿಗೆ 50ನೇ ಪ್ಯಾರಾಚ್ಯೂಟ್ ಬ್ರಿಗೇಡಿನ ಹೊಣೆ ಉಸ್ಮಾನರ ಹೆಗಲಿಗೆ ಬಂದಿತು. ಝಂಗರನ್ನು ಮರಳಿ ಪಡೆಯುವ ತನಕ ಮಂಚದ ಮೇಲೆ ಮಲಗುವುದಿಲ್ಲ ಎಂದು ಅವರು ಶಪಥ ಮಾಡಿದರು. ಜಮ್ಮುವಿನ ಚಳಿಗಾಲವದು. ಬ್ರಿಗೇಡಿನ ದಂಡನಾಯಕ ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಿದ್ದರು.

ಈ ಕಥೆಯಲ್ಲಿ ನಮ್ಮ ಕನ್ನಡನಾಡಿಗೆ ಒಂದು ನೇರ ಸಂಬಂಧವಿದೆ. 1948ರ ಜನವರಿಯಲ್ಲಿ ಪಶ್ಚಿಮ ಭಾಗದ ಸೇನೆಯ ಉಸ್ತುವಾರಿ ವಹಿಸಿಕೊಂಡವರು ಕೊಡಗಿನ ಕೆ. ಎಂ. ಕಾರ್ಯಪ್ಪ. ಅಧಿಕಾರ ವಹಿಸಿಕೊಂಡ ಕೆಲವೇ ದಿನಗಳಲ್ಲಿ ಅವರು ನೌಶೇರಾಕ್ಕೆ ಬಂದರು. ಪಟ್ಟಣವನ್ನು ಮೇಲಿನಿಂದ ನೋಡುತ್ತಿದ್ದ ಕೋಟ್ ಎಂಬ ಎತ್ತರದ ಜಾಗ ಶತ್ರುಗಳ ವಶದಲ್ಲಿತ್ತು. ಅದನ್ನು ತಮಗೆ ಕಾಣಿಕೆಯಾಗಿ ಗೆದ್ದುಕೊಡಬೇಕೆಂದು ಕಾರ್ಯಪ್ಪನವರು ಉಸ್ಮಾನರನ್ನು ಕೇಳಿದರು. ಉಸ್ಮಾನರು ಒಪ್ಪಿ, ಆ ಕಾರ್ಯಾಚರಣೆಗೆ "ಕಿಪ್ಪರ್" ಎಂದು ಹೆಸರಿಟ್ಟರು. ಅದು ಸೈನ್ಯದಲ್ಲಿ ಕಾರ್ಯಪ್ಪನವರನ್ನು ಸಲುಗೆಯಿಂದ ಕರೆಯುತ್ತಿದ್ದ ಅಡ್ಡಹೆಸರು. ಫೆಬ್ರವರಿ 1ರಂದು ಕೋಟ್ ಕೈಸೇರಿತು. ಮರುವರ್ಷ, 1949ರ ಜನವರಿ 15ರಂದು, ಇದೇ ಕಾರ್ಯಪ್ಪನವರು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಪ್ರತಿ ಜನವರಿ 15ರಂದು ನಾವು ಸೇನಾ ದಿನ ಆಚರಿಸುವುದು ಅದಕ್ಕಾಗಿ. ಕೊಡಗಿನ ಜನರಲ್ಲನೂ ಆಜಂಗಢದ ಬ್ರಿಗೇಡಿಯರನೂ ಆ ಚಳಿಯ ಗುಡ್ಡದ ಮೇಲೆ ನಗೆಮಾತಾಡಿಕೊಂಡು ಯುದ್ಧದ ಲೆಕ್ಕ ಹಾಕುವುದನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ನಮ್ಮ ಪಠ್ಯಗಳಲ್ಲಿ ಕಾರ್ಯಪ್ಪನವರ ಬಗ್ಗೆ ಬರುವಾಗ ಈ ಪ್ರಸಂಗವನ್ನೂ ಸೇರಿಸಿ ಹೇಳಿದರೆ ಮಕ್ಕಳಿಗೆ ಇಬ್ಬರೂ ಹತ್ತಿರವಾಗುತ್ತಾರೆ.

ಕೋಟ್ ಗೆದ್ದದ್ದು ಎಷ್ಟು ಅಗತ್ಯವಾಗಿತ್ತೆಂಬುದು ಐದೇ ದಿನಗಳಲ್ಲಿ ತಿಳಿಯಿತು. ಫೆಬ್ರವರಿ 6ರ ಮುಂಜಾನೆ ಹತ್ತು ಸಾವಿರಕ್ಕೂ ಮಿಕ್ಕಿದ ಶತ್ರುಗಳು ನೌಶೇರಾದ ಮೇಲೆ ಹಲವು ದಿಕ್ಕಿನಿಂದ ಮುಗಿಬಿದ್ದರು. ತೈನ್ ಧಾರ್ ಎಂಬ ಗುಡ್ಡದ ಕಾವಲು ನೆಲೆಯಲ್ಲಿ ರಜಪೂತ್ ರೆಜಿಮೆಂಟಿನ ನಾಯಕ್ ಜದುನಾಥ್ ಸಿಂಗ್ ಬೆರಳೆಣಿಕೆಯ ಜವಾನರೊಡನೆ ಒಂದರ ಹಿಂದೊಂದು ದಾಳಿಯನ್ನು ತಡೆದರು. ಸಂಗಾತಿಗಳೆಲ್ಲ ಬಿದ್ದ ಮೇಲೆ, ಗಾಯಗೊಂಡಿದ್ದರೂ ಒಂಟಿಯಾಗಿ ಹೊರಬಂದು ಶತ್ರುಗಳ ಮೇಲೆ ನುಗ್ಗಿ ಪ್ರಾಣಬಿಟ್ಟರು. ಅವರಿಗೆ ಮರಣೋತ್ತರ ಪರಮವೀರ ಚಕ್ರ ಬಂದಿದೆ. ಉಸ್ಮಾನರನ್ನು ಹೊಗಳುವ ನಾವು ಜದುನಾಥ್ ಸಿಂಗರನ್ನು ಬಿಟ್ಟರೆ ಉಸ್ಮಾನರೇ ಒಪ್ಪುತ್ತಿರಲಿಲ್ಲ. ನೌಶೇರಾ ಉಳಿದದ್ದು ಇಂಥವರಿಂದ. ಆ ಗೆಲುವಿನಿಂದ ಬ್ರಿಗೇಡಿಯರಿಗೆ "ನೌಶೇರಾ ಕಾ ಶೇರ್", ನೌಶೇರಾದ ಸಿಂಹ, ಎಂಬ ಹೆಸರು ಬಂತು. ಎದುರು ಪಕ್ಷದವರು ಅವರ ತಲೆಗೆ 50 ಸಾವಿರ ರೂಪಾಯಿ ಇನಾಮು ಕಟ್ಟಿದರು. ಆ ಕಾಲದ 50 ಸಾವಿರ!

ಮಾರ್ಚ್ ತಿಂಗಳಲ್ಲಿ ಝಂಗರ್ ಕಾರ್ಯಾಚರಣೆ ಆರಂಭವಾಯಿತು. ಮಳೆಯಿಂದ ತಡವಾಯಿತು, ಕಣಿವೆಗಳಲ್ಲಿ ನೀರು ತುಂಬಿತು. 18ರಂದು ಝಂಗರ್ ಮತ್ತೆ ಭಾರತದ ವಶವಾಯಿತು. ಶಪಥ ತೀರಿತ್ತು, ಇನ್ನು ಮಂಚದ ಮೇಲೆ ಮಲಗಬಹುದು. ಆದರೆ ಬ್ರಿಗೇಡಿನ ಕಚೇರಿಯಲ್ಲಿ ಮಂಚವೇ ಇರಲಿಲ್ಲ! ಹಳ್ಳಿಯಿಂದ ಒಂದು ಮಂಚವನ್ನು ಎರವಲು ತರಿಸಿದರಂತೆ.

ವಿದ್ಯಾರ್ಥಿ ಮಿತ್ರರೇ, ಯುದ್ಧದ ಈ ವಿವರಗಳಿಗಿಂತ ನನಗೆ ಹೆಚ್ಚು ಮೆಚ್ಚುಗೆಯಾಗುವುದು ಅವರು ನೌಶೇರಾದಲ್ಲಿ ಮಾಡಿದ ಇನ್ನೊಂದು ಕೆಲಸ. ಯುದ್ಧದಿಂದ ದಿಕ್ಕಿಲ್ಲದಂತಾದ ಅನೇಕ ಮಕ್ಕಳು ಅಲ್ಲಿದ್ದರು. ಆರರಿಂದ ಹನ್ನೆರಡು ವರ್ಷದ ಆ ಮಕ್ಕಳನ್ನು ಉಸ್ಮಾನರು ಒಟ್ಟುಗೂಡಿಸಿ "ಬಾಲ ಸೇನೆ" ಎಂದು ಕರೆದರು. ಊಟ ಹಾಕಿಸಿದರು, ಅಕ್ಷರ ಕಲಿಸುವ ಏರ್ಪಾಡು ಮಾಡಿದರು, ಸ್ವಲ್ಪ ದೊಡ್ಡವರಿಗೆ ಸಂದೇಶ ಮುಟ್ಟಿಸುವ ಕೆಲಸ ಹೇಳಿಕೊಟ್ಟರು. ಯುದ್ಧದ ವೇಳೆ ಗುಂಡುಗಳ ನಡುವೆ ಸಂದೇಶ ಒಯ್ದ ಮೂವರು ಹುಡುಗರಿಗೆ ಮುಂದೆ ಪ್ರಧಾನಿ ನೆಹರೂ ಚಿನ್ನದ ಕೈಗಡಿಯಾರ ಕೊಟ್ಟು ಗೌರವಿಸಿದರು. ಇಂದಿನ ದೃಷ್ಟಿಯಲ್ಲಿ ಮಕ್ಕಳನ್ನು ರಣರಂಗದ ಹತ್ತಿರ ಬಿಡುವುದು ಸರಿಯೇ ಎಂಬ ಪ್ರಶ್ನೆ ಏಳುತ್ತದೆ, ಏಳಲೇಬೇಕು. ಆದರೆ ಆ ಪಟ್ಟಣವೇ ರಣರಂಗವಾಗಿತ್ತು, ಮಕ್ಕಳಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಉಸ್ಮಾನರು ಮದುವೆಯಾಗಿರಲಿಲ್ಲ. ಮದ್ಯ ಮುಟ್ಟುತ್ತಿರಲಿಲ್ಲ. ಸಂಬಳದ ಬಹುಭಾಗವನ್ನು ಬಡ ಮಕ್ಕಳ ಓದಿಗೆ ಕೊಡುತ್ತಿದ್ದರು. ವಿದ್ಯಾರ್ಥಿವೇತನ ಕೊಡುವುದನ್ನೇ ಮುಖ್ಯ ಕೆಲಸವಾಗಿಸಿಕೊಂಡ ನಮ್ಮಂತಹ ಸಂಘಗಳಿಗೆ ಇಷ್ಟು ಹತ್ತಿರದ ಆದರ್ಶ ಇನ್ನೆಲ್ಲಿ ಸಿಕ್ಕೀತು?

1948ರ ಜುಲೈ 3. ಝಂಗರ್‌ನಲ್ಲಿ ಸಂಜೆಯ ಹೊತ್ತು. ದಿನದ ಸಭೆ ಮುಗಿಯುವ ಸಮಯಕ್ಕೆ ಶತ್ರುಗಳ ಫಿರಂಗಿ ಗುಂಡುಗಳು ಬೀಳತೊಡಗಿದವು. ಜೊತೆಯಲ್ಲಿದ್ದವರು ಬಂಡೆಯ ಮರೆಗೆ ಸರಿದರು. ಗುಂಡುಗಳು ಸಿಡಿಯುತ್ತಲೇ ಇದ್ದಾಗ ಉಸ್ಮಾನರ ಹತ್ತಿರವೇ ಒಂದು ಗುಂಡು ಬಿದ್ದು ಸಿಡಿಯಿತು. ಅವರಿಗೆ ಮೂವತ್ತಾರು ತುಂಬಲು ಇನ್ನು ಹನ್ನೆರಡು ದಿನಗಳಿದ್ದವು. 1947-48ರ ಯುದ್ಧದಲ್ಲಿ ಮಡಿದ ಭಾರತೀಯ ಸೇನಾಧಿಕಾರಿಗಳಲ್ಲಿ ಅವರೇ ಅತ್ಯಂತ ಹಿರಿಯರು. ಪಾರ್ಥಿವ ಶರೀರವನ್ನು ದೆಹಲಿಗೆ ತರಲಾಯಿತು. ಪ್ರಧಾನಿ ನೆಹರೂ ಹಾಗೂ ಸಂಪುಟದ ಸಹೋದ್ಯೋಗಿಗಳು ಅಂತ್ಯಸಂಸ್ಕಾರದಲ್ಲಿ ಪಾಲ್ಗೊಂಡರು. ಪೂರ್ಣ ಸೈನಿಕ ಗೌರವದೊಂದಿಗೆ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಬಳಿಯ ಕಬರಸ್ಥಾನದಲ್ಲಿ ದಫನ್ ಮಾಡಲಾಯಿತು. ಸ್ವಾತಂತ್ರ್ಯ ಚಳವಳಿಯ ಕರೆಗೆ ಓಗೊಟ್ಟು 1920ರಲ್ಲಿ ಹುಟ್ಟಿದ ವಿದ್ಯಾಸಂಸ್ಥೆಯದು. ಅದರ ಆಸುಪಾಸಿನ ಮಣ್ಣಿನಲ್ಲೇ ಡಾಕ್ಟರ್ ಎಂ. ಎ. ಅನ್ಸಾರಿಯವರಿದ್ದಾರೆ, ಮುಂದೆ ರಾಷ್ಟ್ರಪತಿಗಳಾದ ಡಾಕ್ಟರ್ ಜಾಕಿರ್ ಹುಸೇನರೂ ಇದ್ದಾರೆ. ಸೈನಿಕನೊಬ್ಬ ಶಿಕ್ಷಕರ ನೆರೆಯಲ್ಲಿ ಮಲಗಿದ್ದಾನೆ.

ಪರಮವೀರ, ಮಹಾವೀರ, ವೀರ ಚಕ್ರಗಳನ್ನು ಸ್ಥಾಪಿಸಿದ್ದು 1950ರ ಜನವರಿ 26ರಂದು, ಆದರೆ 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವಂತೆ. ಉಸ್ಮಾನರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು.

ಈಗ ಸ್ಮರಣೆಯ ವಿಷಯಕ್ಕೆ ಬರೋಣ. ಮಡಿದವರನ್ನು ನೆನೆಯುವುದು ಕನ್ನಡಿಗರಿಗೆ ಬ್ರಿಟಿಷರು ಕಲಿಸಿದ ಪದ್ಧತಿಯಲ್ಲ. ನಮ್ಮ ಹಳ್ಳಿಗಳ ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಗುಡಿಯ ಹಿಂದೆ ವೀರಗಲ್ಲುಗಳಿವೆ. ತುರು ಕಾಯುತ್ತ ಸತ್ತವನಿಗೆ, ಊರಿಗೆ ನುಗ್ಗಿದವರನ್ನು ತಡೆದು ಬಿದ್ದವನಿಗೆ ಊರಿನವರು ನಿಲ್ಲಿಸಿದ ಕಲ್ಲುಗಳು. ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಅವನು ದೇವರ ಸನ್ನಿಧಿ ಸೇರಿದ ಚಿತ್ರ. ಬೆಂಗಳೂರಿನ ಹೆಸರು ಮೊದಲು ಕಾಣಸಿಗುವುದೇ ಬೇಗೂರಿನ ಒಂಬತ್ತನೆಯ ಶತಮಾನದ ವೀರಗಲ್ಲಿನಲ್ಲಿ, ಬೆಂಗಳೂರು ಕಾಳಗದಲ್ಲಿ ಮಡಿದವನೊಬ್ಬನ ನೆನಪಿಗೆ ಬರೆದ ಸಾಲಿನಲ್ಲಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೂ ಹತ್ತನೆಯ ಶತಮಾನದಲ್ಲಿ ಕಲ್ಲು ನಿಲ್ಲಿಸಿದರು. ಅಂತಹ ನಾಡು ನಮ್ಮದು. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ಎತ್ತರದ ಏಕಶಿಲೆಯನ್ನು ವೀರಗಲ್ಲಿನ ಹೆಸರಲ್ಲೇ ನಿಲ್ಲಿಸಿದ್ದಾರೆ.

ದೆಹಲಿಯ ಇಂಡಿಯಾ ಗೇಟ್ 1931ರಲ್ಲಿ ಪೂರ್ಣಗೊಂಡದ್ದು, ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರ ಪರವಾಗಿ ಹೋರಾಡಿ ಮಡಿದ ಭಾರತೀಯ ಸೈನಿಕರಿಗಾಗಿ. ಸ್ವತಂತ್ರ ಭಾರತದ ಯುದ್ಧಗಳಲ್ಲಿ ಮಡಿದವರಿಗೆ ಅಲ್ಲಿ 1972ರಲ್ಲಿ ಅಮರ ಜವಾನ್ ಜ್ಯೋತಿ ಹೊತ್ತಿಸಿದರು. ಹೆಸರುಗಳನ್ನು ಕೆತ್ತಿದ ರಾಷ್ಟ್ರೀಯ ಯುದ್ಧ ಸ್ಮಾರಕ ಬರಲು ಮಾತ್ರ 2019ರ ಫೆಬ್ರವರಿ 25ರವರೆಗೆ ಕಾಯಬೇಕಾಯಿತು. 2022ರ ಜನವರಿ 21ರಂದು ಇಂಡಿಯಾ ಗೇಟಿನ ಜ್ಯೋತಿಯನ್ನು ಈ ಸ್ಮಾರಕದ ಜ್ಯೋತಿಯೊಡನೆ ಸೇರಿಸಲಾಯಿತು. ಒಂದರೊಳಗೊಂದು ಇರುವ ನಾಲ್ಕು ಚಕ್ರಗಳ ರಚನೆಯದು. ತ್ಯಾಗ ಚಕ್ರದ ಗೋಡೆಗಳಲ್ಲಿ 25 ಸಾವಿರಕ್ಕೂ ಹೆಚ್ಚು ಗ್ರಾನೈಟ್ ಫಲಕಗಳು. ಒಂದೊಂದು ಫಲಕ ಒಬ್ಬೊಬ್ಬರದು. ಅದರಲ್ಲಿರುವುದು ಹೆಸರು, ಹುದ್ದೆ, ರೆಜಿಮೆಂಟು. ಧರ್ಮದ ಕಾಲಂ ಇಲ್ಲ, ಜಾತಿಯ ಕಾಲಂ ಇಲ್ಲ. ಬ್ರಿಗೇಡಿಯರನ ಫಲಕವೂ ಸಿಪಾಯಿಯ ಫಲಕವೂ ಒಂದೇ ಅಳತೆಯವು. ನಮ್ಮ ವೀರಗಲ್ಲಿನ ಗುಣವೂ ಇದೇ ಅಲ್ಲವೇ, ಸಾಮಾನ್ಯನ ಹೆಸರನ್ನು ಕಲ್ಲಿಗೆ ಏರಿಸುವುದು.

ಆದರೆ ಕಲ್ಲು ನಿಲ್ಲಿಸಿದ ಮಾತ್ರಕ್ಕೆ ಸ್ಮರಣೆ ನಿಲ್ಲುವುದಿಲ್ಲ. 2020ರ ಡಿಸೆಂಬರಿನಲ್ಲಿ ಉಸ್ಮಾನರ ಕಬರಿನ ಕಲ್ಲನ್ನು ಒಡೆದು ಹಾಕಿರುವ ಸಂಗತಿ ಪತ್ರಿಕೆಗಳಲ್ಲಿ ಬಂತು. ಆ ಚಿತ್ರ ನೋಡಿದವರಿಗೆ ಮರೆಯುವುದು ಕಷ್ಟ. ಸೈನ್ಯ ಮುಂದೆ ಬಂದು ಕೆಲವೇ ದಿನಗಳಲ್ಲಿ ಅದನ್ನು ದುರಸ್ತಿ ಮಾಡಿಸಿತು. ಸೈನ್ಯಕ್ಕೆ ಕೃತಜ್ಞತೆ ಹೇಳಬೇಕು, ಆದರೆ ಒಂದು ಮಾತು ನಮ್ಮ ಸಮುದಾಯದೊಳಗೂ ಹೇಳಬೇಕು. ಭಾಷಣಗಳಲ್ಲಿ ಉಸ್ಮಾನರ ಹೆಸರನ್ನು ನೂರು ಸಲ ಹೇಳುವ ನಾವು, ಆ ಕಬರು ಹೇಗಿದೆ ಎಂದು ಹೋಗಿ ನೋಡಿದವರು ಎಷ್ಟು ಮಂದಿ?

ಇನ್ನೊಂದು ರೀತಿಯ ಹಾನಿ ಕಲ್ಲಿಗಲ್ಲ, ಸತ್ಯಕ್ಕೆ ಆಗುತ್ತಿದೆ. 1965ರ ಯುದ್ಧದಲ್ಲಿ "ಮುಸ್ಲಿಂ ರೆಜಿಮೆಂಟ್" ಒಂದು ಯುದ್ಧ ಮಾಡಲು ನಿರಾಕರಿಸಿತು ಎಂಬ ಸುಳ್ಳು ಮೊಬೈಲುಗಳಲ್ಲಿ ಹರಿದಾಡಿದೆ. ನಿಮ್ಮ ಮಕ್ಕಳ ಮೊಬೈಲಿಗೂ ಬಂದಿರಬಹುದು. ಭಾರತೀಯ ಸೇನೆಯಲ್ಲಿ 1965ರಲ್ಲಿ ಮುಸ್ಲಿಂ ರೆಜಿಮೆಂಟ್ ಎಂಬುದೇ ಇರಲಿಲ್ಲ, ಈಗಲೂ ಇಲ್ಲ. 2020ರ ಅಕ್ಟೋಬರಿನಲ್ಲಿ ನೂರಕ್ಕೂ ಹೆಚ್ಚು ನಿವೃತ್ತ ಯೋಧರು ಮತ್ತು ಸೇನಾಧಿಕಾರಿಗಳು ಈ ಸುಳ್ಳಿನ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಷ್ಟ್ರಪತಿ ಮತ್ತು ಪ್ರಧಾನಿಗೆ ಪತ್ರ ಬರೆದರು. ಬರೆದವರಲ್ಲಿ ಎಲ್ಲ ಧರ್ಮದವರೂ ಇದ್ದರು ಎಂಬುದು ಗಮನಾರ್ಹ.

1965ರಲ್ಲಿ ನಿಜವಾಗಿ ನಡೆದದ್ದೇನು ಎಂಬುದಕ್ಕೆ ಕಂಪನಿ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್ ಅಬ್ದುಲ್ ಹಮೀದ್ ಸಾಕ್ಷಿ. ಮೇಲೆ ಹೇಳಿದ ಆ ಪದದ ಎರಡೂ ಅರ್ಥದಲ್ಲಿ. ಗಾಜೀಪುರ ಜಿಲ್ಲೆಯ ಧಾಮುಪುರದ ದರ್ಜಿಯ ಮಗ, ಹುಟ್ಟಿದ್ದು 1933ರಲ್ಲಿ, ಗ್ರೆನೇಡಿಯರ್ಸ್ ಸೇರಿದ್ದು 1954ರಲ್ಲಿ. ಪಂಜಾಬಿನ ಖೇಮ್‌ಕರಣ್ ವಲಯದಲ್ಲಿ ಪ್ಯಾಟನ್ ಟ್ಯಾಂಕುಗಳು ನುಗ್ಗಿದಾಗ ಅವರ 4 ಗ್ರೆನೇಡಿಯರ್ಸ್ ಪಡೆ ಕಬ್ಬಿನ ಗದ್ದೆಗಳ ನಡುವೆ ಕಂದಕ ತೋಡಿ ಕುಳಿತಿತ್ತು. ಹಮೀದರ ಕೈಯಲ್ಲಿದ್ದುದು ಜೀಪಿನ ಮೇಲೆ ಕೂರಿಸಿದ 106 ಮಿಲಿಮೀಟರಿನ ಟ್ಯಾಂಕ್ ನಾಶಕ ತೋಪು. ಅದನ್ನು ಹಾರಿಸಿದ ತಕ್ಷಣ ಹಿಂದಿನಿಂದ ಬೆಂಕಿ, ದೂಳು ಏಳುತ್ತದೆ, ಎಲ್ಲಿಂದ ಹೊಡೆದರೆಂದು ಶತ್ರುವಿಗೆ ತಿಳಿದುಬಿಡುತ್ತದೆ. ಆದ್ದರಿಂದ ಪ್ರತಿ ಗುಂಡಿನ ನಂತರ ಜೀಪನ್ನು ಜಾಗ ಬದಲಿಸಬೇಕು. ತೆಳ್ಳನೆಯ ತಗಡಿನ ಜೀಪು ಒಂದು ಕಡೆ, ಉಕ್ಕಿನ ಟ್ಯಾಂಕು ಇನ್ನೊಂದು ಕಡೆ. ಹಮೀದರು ಟ್ಯಾಂಕಿನ ಮೇಲೆ ಟ್ಯಾಂಕನ್ನು ಕೆಡವಿ, ಸೆಪ್ಟೆಂಬರ್ 10ರಂದು ಇನ್ನೊಂದಕ್ಕೆ ಗುರಿಯಿಟ್ಟಾಗ ತಾವೂ ಬಿದ್ದರು. ಮರಣೋತ್ತರ ಪರಮವೀರ ಚಕ್ರವನ್ನು 1966ರ ಗಣರಾಜ್ಯ ದಿನದಂದು ಪತ್ನಿ ರಸೂಲನ್ ಬೀಬಿ ಸ್ವೀಕರಿಸಿದರು. 2000ದಲ್ಲಿ ಅಂಚೆ ಇಲಾಖೆ ಅವರ ಚಿತ್ರದ 3 ರೂಪಾಯಿಯ ಚೀಟಿ ತಂದಿತು. ಅವರು ಒಡೆದ ಟ್ಯಾಂಕುಗಳ ಸಂಖ್ಯೆಯ ಬಗ್ಗೆ ಪುಸ್ತಕದಿಂದ ಪುಸ್ತಕಕ್ಕೆ ಲೆಕ್ಕ ಬೇರೆಯಾಗುತ್ತದೆ. ಭಾಷಣ ಸ್ಪರ್ಧೆಗಳಲ್ಲಂತೂ ಅದು ವರ್ಷ ವರ್ಷಕ್ಕೂ ಏರುತ್ತಿದೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದೇ ಟ್ಯಾಂಕನ್ನು ಜೀಪಿನಿಂದ ಎದುರಿಸಿದ್ದರೂ ಅವರು ವೀರರೇ.

ನಮ್ಮ ವೇದಿಕೆಗಳಲ್ಲಿ ಉಸ್ಮಾನ್, ಹಮೀದರ ಹೆಸರು ಬರುವುದು ಹೆಚ್ಚಾಗಿ ಯಾರೋ ನಮ್ಮ ಮೇಲೆ ಸಂಶಯ ತೋರಿಸಿದಾಗ, ಉತ್ತರದ ರೂಪದಲ್ಲಿ. ನೋಡಿ, ನಮ್ಮವರೂ ಇದ್ದಾರೆ ಎಂದು ತೋರಿಸುವ ಪ್ರಮಾಣಪತ್ರದಂತೆ. ಇದು ನನಗೆ ಸರಿ ಕಾಣುವುದಿಲ್ಲ. ಜೀವ ಕೊಟ್ಟವರನ್ನು ಪ್ರಮಾಣಪತ್ರವಾಗಿ ಬಳಸುವುದು ಅವರಿಗೆ ಕಡಿಮೆ ಗೌರವ. ಇನ್ನೂ ಒಂದು ತೊಂದರೆಯಿದೆ. "ನಮ್ಮವರ" ಪಟ್ಟಿ ಮಾಡಿಕೊಂಡು ಕುಳಿತರೆ, ಉಳಿದ ಹುತಾತ್ಮರು ನಮ್ಮವರಲ್ಲ ಎಂದು ನಾವೇ ಒಪ್ಪಿಕೊಂಡಂತೆ. ಉಸ್ಮಾನರ ಕೈಕೆಳಗೆ ಮಡಿದವರಲ್ಲಿ ರಜಪೂತರು, ಡೋಗ್ರಾಗಳು, ಮರಾಠರು ಎಲ್ಲರೂ ಇದ್ದರು. ಅವರೆಲ್ಲರೂ ಉಸ್ಮಾನರಿಗೆ ತಮ್ಮವರೇ ಆಗಿದ್ದರು.

ಒಂದು ಸಂತೋಷದ ಸುದ್ದಿಯಿದೆ, ಅದರೊಡನೆ ಒಂದು ಕೊರತೆಯೂ ಇದೆ. 2024ರಲ್ಲಿ ಎನ್‌ಸಿಇಆರ್‌ಟಿಯ ಆರನೆಯ ತರಗತಿಯ ಪಠ್ಯಕ್ಕೆ ಅಬ್ದುಲ್ ಹಮೀದರ ಪಾಠ ಸೇರಿತು. 2025ರಲ್ಲಿ ಬ್ರಿಗೇಡಿಯರ್ ಉಸ್ಮಾನರ ಪಾಠ ಏಳನೆಯ ತರಗತಿಗೂ, ಫೀಲ್ಡ್ ಮಾರ್ಷಲ್ ಮಾಣೆಕ್ ಷಾ ಅವರ ಪಾಠ ಎಂಟನೆಯ ತರಗತಿಗೂ ಬಂದವು, ಎರಡೂ ಉರ್ದು ಪುಸ್ತಕಗಳಲ್ಲಿ. ಅದೇ ವರ್ಷ ಮೊದಲ ಪರಮವೀರ ಚಕ್ರ ಪಡೆದ ಮೇಜರ್ ಸೋಮನಾಥ ಶರ್ಮಾರ ಪಾಠ ಎಂಟನೆಯ ತರಗತಿಯ ಇಂಗ್ಲಿಷಿಗೆ ಬಂತು. ಉರ್ದು ಕಲಿಸುವವಳಾಗಿ ನನಗೆ ಹೆಮ್ಮೆಯೇ. ಆದರೆ ಉರ್ದು ಓದುವ ಮಕ್ಕಳಿಗೆ ಉಸ್ಮಾನರು ಹೊಸಬರಲ್ಲ, ಮನೆಯ ಹಿರಿಯರಿಂದಲಾದರೂ ಕೇಳಿರುತ್ತಾರೆ. ಅವರ ಬಗ್ಗೆ ಓದಲೇಬೇಕಾದವರು ಪಕ್ಕದ ಬೀದಿಯ ಕನ್ನಡ ಶಾಲೆಯ ಮಕ್ಕಳು. ಹಾಗೆಯೇ ನಮ್ಮ ಉರ್ದು ಶಾಲೆಯ ಮಕ್ಕಳಿಗೆ ಸೋಮನಾಥ ಶರ್ಮಾ, ಜದುನಾಥ್ ಸಿಂಗರ ಕಥೆ ಉರ್ದುವಿನಲ್ಲಿ ಸಿಗಬೇಕು. ಪಠ್ಯಪುಸ್ತಕ ಸಮಿತಿಗಳು ಮಾಡುವವರೆಗೆ ನಾವು ಕಾಯಬೇಕಾಗಿಲ್ಲ. ಸಂಘದ ಸದಸ್ಯರಲ್ಲಿ ಎರಡೂ ಭಾಷೆ ಬಲ್ಲವರು ಎಷ್ಟೋ ಜನರಿದ್ದಾರೆ. ಎಂಟು ಪುಟದ ಒಂದು ಕಿರುಪುಸ್ತಕ, ಒಂದು ಬದಿ ಕನ್ನಡ, ಇನ್ನೊಂದು ಬದಿ ಉರ್ದು; ಉಸ್ಮಾನ್ ಮತ್ತು ಜದುನಾಥ್ ಇಬ್ಬರೂ ಒಂದೇ ರಟ್ಟಿನೊಳಗೆ. ಖರ್ಚು ಹೆಚ್ಚಾಗದು. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಇದನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ.

ಝಂಗರ್‌ನಲ್ಲಿ ಉಸ್ಮಾನರು ಬಿದ್ದ ಜಾಗದಲ್ಲಿ ಸ್ಮಾರಕವಿದೆ, ಪ್ರತಿ ಜುಲೈ 3ರಂದು ಸೈನಿಕರು ಅಲ್ಲಿ ಹೂಗುಚ್ಛ ಇಟ್ಟು ವಂದಿಸುತ್ತಾರೆ. ಅದು ಗಡಿರೇಖೆಯ ಸಮೀಪದ ಜಾಗ, ನಾವು ನೀವು ಹೋಗುವುದು ಸುಲಭವಲ್ಲ. ಆದರೆ ನಮ್ಮ ಸಂಘದ ನೆರವಿನಿಂದ ಓದಿದ ಮಕ್ಕಳು ಪ್ರವೇಶ ಪರೀಕ್ಷೆ, ಉನ್ನತ ವ್ಯಾಸಂಗ ಎಂದು ದೆಹಲಿಗೆ ಹೋಗುತ್ತಾರೆ. ಜಾಮಿಯಾದ ಹೆಸರಿನಲ್ಲೇ ಮೆಟ್ರೋ ನಿಲ್ದಾಣವಿದೆ. ಅಲ್ಲಿ ಇಳಿದು ಬಟ್ಲಾ ಹೌಸ್ ಕಡೆಯ ಕಬರಸ್ಥಾನ ಎಲ್ಲಿದೆ ಎಂದು ಕೇಳಿದರೆ ದಾರಿ ತೋರಿಸುತ್ತಾರೆ. ಬ್ರಿಗೇಡಿಯರ್ ಸಾಹೇಬರ ಕಬರಿನ ಬಳಿ ನಿಂತು ಫಾತಿಹಾ ಓದಿ, ಕಲ್ಲು ಸರಿಯಾಗಿದೆಯೇ ನೋಡಿಕೊಂಡು, ಊರಿಗೆ ಮರಳಿದಾಗ ನಮಗೂ ತಿಳಿಸಿ.